ಸೋಮಾರಿ ಸೊಸೆ

ಪರಶುರಾಂಪುರದ ಆ ಬೀದಿಯಲ್ಲಿ ಮೇ ತಿಂಗಳು ಬಂತೆಂದರೆ ಜಗಲಿಗೊಂದು ಶೇಂಗಾ ರಾಶಿ. ಎಣ್ಣೆಗೆ ಹೋಗುವ ಕಾಯನ್ನು ಮಿಲ್ಲಿನ ಯಂತ್ರ ಒಡೆಯುತ್ತದೆ. ಬಿತ್ತನೆಯದನ್ನು ಮಾತ್ರ ಕೈಯಿಂದಲೇ ಸುಲಿಯಬೇಕು, ಬೀಜದ ಮೂತಿ ಮುರಿದರೆ ಮೊಳಕೆ ಬಾರದು. ಹೆಂಗಸರು ಮಧ್ಯಾಹ್ನದ ಊಟ ಮುಗಿಸಿ ಮೊರ ಹಿಡಿದು ಕೂತರೆ ಕೈಗಿಂತ ಬಾಯಿಗೇ ಕೆಲಸ ಜಾಸ್ತಿ.

ಆ ವರ್ಷ, ತೊಂಬತ್ತೆಂಟರಲ್ಲಿ, ಜ್ಯೋತಿಲಕ್ಷ್ಮಿಗೆ ಕೈಯೂ ಏಳುತ್ತಿರಲಿಲ್ಲ, ಬಾಯಿಯೂ ಏಳುತ್ತಿರಲಿಲ್ಲ. ಎರಡು ತಿಂಗಳು ದಾಟಿತ್ತು. ವಾಂತಿ ಇಲ್ಲ, ಸಂಕಟ ಇಲ್ಲ, ಬರೀ ನಿದ್ದೆ. ರೊಟ್ಟಿ ತಟ್ಟುವಾಗ ನಿದ್ದೆ, ನೀರು ತುಂಬುವಾಗ ನಿದ್ದೆ. ಹೊಟ್ಟೆಯೊಳಗಿನದು ಒಂದು ಶೇಂಗಾ ಕಾಯಿಯಷ್ಟಿದ್ದೀತು, ಮೈಯ ಕಸುವನ್ನೆಲ್ಲ ಹೀರಿಕೊಂಡಿತ್ತು. ಹೊರಗೆ ಎರಡು ವರ್ಷದ ಮಗಳು ಶಿವಬಸಮ್ಮ, ಮುತ್ತಜ್ಜಿಯ ಹೆಸರು ಹೊತ್ತ ಮೊಳದುದ್ದದ ಹುಡುಗಿ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಅವಳ ಹಿಂದೆ ಓಡಲು ಕಾಲಿರಬೇಕಲ್ಲ?

ಒಂದು ಮಾತು ಬಾಯಿಬಿಟ್ಟಿದ್ದರೆ ಮನೆಯವರು ಕೂರಿಸಿ ಉಣ್ಣಿಸುತ್ತಿದ್ದರು. ಅದೇ ಆಗದ ಕೆಲಸ. ಹೋದ ದೀಪಾವಳಿ ಹೊತ್ತಿಗೆ ಹೀಗೇ ನಿಂತಿತ್ತು. ಗಂಡ ಓಂಕಾರಮೂರ್ತಿ ಖುಷಿ ತಡೆಯಲಾರದೆ ಬೀದಿಗೆಲ್ಲ ಹೇಳಿಕೊಂಡು ಬಂದ. ಎಂಟನೇ ದಿನಕ್ಕೆ ಹೋಗಿಬಿಟ್ಟಿತು. ಹೇಳಿದ್ದಕ್ಕೇ ಹೋಯಿತೆಂದು ಯಾವ ಡಾಕ್ಟರೂ ಅನ್ನಲಾರರು, ಆದರೆ ಕಳೆದುಕೊಂಡವಳ ಕಿವಿಗೆ ಡಾಕ್ಟರ ಮಾತು ಇಳಿಯುತ್ತದೆಯೇ? ಈ ಸಲ ಮೂರು ತುಂಬುವವರೆಗೆ ಗಂಡನಿಗೂ ಹೇಳುವುದಿಲ್ಲವೆಂದು ದೇವರ ಗೂಡಿನ ಮುಂದೆ ನಿಂತು ನಿಶ್ಚಯಿಸಿದ್ದಳು.

ಅತ್ತೆ ದ್ರಾಕ್ಷಾಯಣಮ್ಮನ ನಾಲಿಗೆ ಮೊದಲೇ ಖಾರ. ಈಚೆಗಂತೂ ಸೊಸೆ ಆಕಳಿಸಿದರೆ ಸಾಕು, ಮೂರು ಮನೆಯಾಚೆಗೆ ಕೇಳುವಂತೆ ಸೋಮಾರಿ ಎನ್ನುತ್ತಿದ್ದಳು. ಮೊಮ್ಮಗಳನ್ನೂ ಬಿಡುತ್ತಿರಲಿಲ್ಲ. ಶಿವಿಗೆ ಹೊಸ ಆಟವೊಂದು ಸಿಕ್ಕಿತ್ತು, ನಿಂತಲ್ಲೇ ಬಗ್ಗಿ ಕಾಲಸಂದಿಯಿಂದ ಹಿಂದಕ್ಕೆ ನೋಡಿ ನಗುವುದು. ಅಜ್ಜಿ ಕಂಡಕೂಡಲೇ ಅವಳನ್ನು ಹಿಡಿದು ನೆಟ್ಟಗೆ ನಿಲ್ಲಿಸಿ, ತಲೆಗೆ ರಕ್ತ ಇಳಿಯುತ್ತದೆಂದು ಗದರುವಳು. ಮಗುವಿನ ಆಟ ಕಂಡರೂ ಇವರಿಗೆ ಹೊಟ್ಟೆಕಿಚ್ಚೇ ಎಂದು ಜ್ಯೋತಿಲಕ್ಷ್ಮಿಗೆ ಸಿಟ್ಟು. ಚಳ್ಳಕೆರೆಯ ತವರಿನಲ್ಲಿ ಅವಳೇ ಕೊನೆಯ ಕೂಸು, ಚಿಕ್ಕಮಕ್ಕಳ ಶಾಸ್ತ್ರ ಅವಳಿಗೇನು ಗೊತ್ತು!

ಅವತ್ತು ಸುಲಿಯುತ್ತ ಸುಲಿಯುತ್ತ ಕಂಬಕ್ಕೆ ಒರಗಿದವಳಿಗೆ ಹಾಗೇ ಕಣ್ಣು ಹತ್ತಿತು. ಎಚ್ಚರವಾದದ್ದು ಎದುರುಮನೆ ಕ್ಯಾತಮ್ಮನ ದನಿಗೆ.

"ದ್ರಾಕ್ಷಾಯಣಕ್ಕ, ನಿನ್ನ ಸೊಸಿ ಕೂತಲ್ಲೇ ತೂಗ್ತಾಳಲ್ಲ. ಏನಾರ ವಿಶೇಷ ಐತಾ?"

ಜ್ಯೋತಿಲಕ್ಷ್ಮಿ ಕಣ್ಣು ತೆರೆಯಲಿಲ್ಲ.

"ವಿಶೇಷ ಎಲ್ಲಿಂದ ಬರ್ಬೇಕು? ಸೋಮಾರಿ ಅದು," ಎಂದಳು ಅತ್ತೆ.

ಉಳಿದವರು ನಕ್ಕರು. ಮುಚ್ಚಿದ ರೆಪ್ಪೆಯೊಳಗೆ ನೀರು ತುಂಬಿಕೊಂಡಿತು. ಗುಟ್ಟು ಉಳಿಯಿತೆಂಬ ಸಮಾಧಾನಕ್ಕಿಂತ ಆ ಮಾತಿನ ಉರಿಯೇ ಹೆಚ್ಚಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಏಳುವಷ್ಟರಲ್ಲಿ ಕ್ಯಾತಮ್ಮ ಬೀದಿಯ ಕಡೆ ಕೈತೋರಿಸಿ ಕೂಗಿದಳು. "ನೋಡ್ರೇ, ಶಿವಿ ಬಗ್ಗಿ ನೋಡ್ತೈತೆ. ಹಿಂದೆ ಹುಟ್ಟೋ ತಮ್ಮನ್ನ ಕರೀತೈತೆ ಕಣ್ರೇ."

ಮಂಡಿನೋವಿನ ದ್ರಾಕ್ಷಾಯಣಮ್ಮ ಮೊರ ಚೆಲ್ಲಿ ಎದ್ದೋಡಿದ ರಭಸ ಕಂಡು ಎಲ್ಲರೂ ಬೆರಗಾದರು. ಮಗುವನ್ನು ಬಾಚಿ ಕಂಕುಳಿಗೇರಿಸಿ, ಬೆಳಗಿನಿಂದ ಹೊಟ್ಟೆನೋವು ಅದಕ್ಕೆ, ಅದಕ್ಕೇ ಬಗ್ಗುತ್ತದೆ ಎಂದು ಸುಳ್ಳು ಹೇಳಿದಳು.

ಜ್ಯೋತಿಲಕ್ಷ್ಮಿ ಅತ್ತೆಯ ಮುಖ ನೋಡಿದಳು. ಆಮೇಲೆ ತನ್ನ ಮೊರ ನೋಡಿದಳು. ನಿದ್ದೆ ಹತ್ತಿದಾಗ ಅದರ ತುಂಬ ಕಾಯಿತ್ತು. ಈಗ ತುಂಬ ಬೀಜವಿತ್ತು, ಒಂದರ ಮೂತಿಯೂ ಮುರಿದಿರಲಿಲ್ಲ.

ಅವಳು ಒಳಗೆ ಹೋಗಿ ಅಡಿಗೆಮನೆಯ ಗೋಡೆ ಹಿಡಿದು ನಿಂತಳು. ಹಿಂದೆಯೇ ಅತ್ತೆ ಬಂದಳು, ಕಂಕುಳಲ್ಲಿ ಶಿವಿ.

"ಅತ್ತೆ, ನಾನು..."

ದ್ರಾಕ್ಷಾಯಣಮ್ಮ ಸೊಸೆಯ ಬಾಯಿಗೆ ಕೈ ಅಡ್ಡ ಹಿಡಿದಳು. ಹೋದ ಸಲ ಈ ಮುದುಕಿಯೂ ಒಂದು ಮೊಮ್ಮಗುವನ್ನು ಕಳೆದುಕೊಂಡಿದ್ದಳು. ಅದು ಜ್ಯೋತಿಲಕ್ಷ್ಮಿಗೆ ಹೊಳೆದದ್ದು ಆ ಕೈ ಮುಟ್ಟಿದಾಗಲೇ.

"ಹೇಳಬ್ಯಾಡ," ಎಂದಳು ಮೆಲ್ಲಗೆ. "ನೀನು ತಲೆಗೆ ನೀರು ಹಾಕ್ಕಂಡ ದಿನ ನನಗೆ ಗೊತ್ತಿಲ್ವೇನೆ? ಮೂರು ತುಂಬಾಕೆ ಇನ್ನೂ ಹದಿನೆಂಟು ದಿನ ಐತೆ."

ಜ್ಯೋತಿಲಕ್ಷ್ಮಿಯ ಎಣಿಕೆಯಲ್ಲಿ ಹತ್ತೊಂಬತ್ತಿತ್ತು. ಅತ್ತೆಯದೇ ಸರಿಯಿರಬೇಕೆಂದುಕೊಂಡಳು.

ದ್ರಾಕ್ಷಾಯಣಮ್ಮ ಒಂದೇ ಕೈಯಲ್ಲಿ ಚಾಪೆ ಬಿಡಿಸಿದಳು, ದಿಂಬು ಕೊಡವಿ ಇಟ್ಟಳು, ಸೊಸೆಯ ಭುಜ ಒತ್ತಿ ಮಲಗಿಸಿದಳು. ಆಮೇಲೆ ಹೊಸ್ತಿಲ ಬಳಿ ಹೋಗಿ, ಗಂಟಲು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ ಶುರುಮಾಡಿದಳು. ಇಂಥ ಸೋಮಾರಿಯನ್ನು ತಂದುಕೊಂಡದ್ದು ತನ್ನ ಹಣೆಬರಹ, ಬಿತ್ತನೆ ಹೊತ್ತಿನಲ್ಲೂ ಬಿದ್ದುಕೊಳ್ಳುವವಳನ್ನು ತಾನು ಏಳೇಳು ಜನ್ಮದಲ್ಲೂ ಕಂಡಿಲ್ಲ.

ಜಗಲಿಯ ಹೆಂಗಸರು ಅಯ್ಯೋ ಪಾಪ, ಎಂಥ ಅತ್ತೆ ಸಿಕ್ಕಳು ಎಂದು ಲೊಚಗುಟ್ಟಿದರು. ಜ್ಯೋತಿಲಕ್ಷ್ಮಿ ಆ ಬೈಗುಳ ಕೇಳುತ್ತ ಕೇಳುತ್ತ, ಸಂಜೆ ದೀಪ ಹಚ್ಚುವವರೆಗೂ ಮಲಗಿದಳು.