ಸೀಗಡಿಯಿಲ್ಲದ ಸೂಪು

"ಸೀಗಡಿ ತಲೆ ಹಾಕದೆ ಸೂಪು ಮಾಡು ಅನ್ನೋದೂ ಒಂದೇ, ಮೂಗು ಕೊಯ್ದು ವಾಸನೆ ನೋಡು ಅನ್ನೋದೂ ಒಂದೇ," ಎಂದು ಸೂಪಮ್ಮ ಹೊಸ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು.

"ಮೆಲ್ಲಗೆ ಕಣೇ. ನೆಗ್ಗಿದ್ರೆ ಬಂದವರು ನಮ್ಮ ಜಗಳ ಎಲ್ಲ ಅದರಲ್ಲೇ ಓದ್ಕೋತಾರೆ," ಎಂದ ಗಂಡ. ಅವನು ನೆಲದ ಮೇಲೆ ಕಾಲು ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದ. ದಿನವೆಲ್ಲ ದೋಣಿಯ ಇಂಜಿನ್ನು ಬಿಚ್ಚುವ ಆ ಬೆರಳುಗಳಿಗೆ ಬೆಳ್ಳುಳ್ಳಿ ಸಿಪ್ಪೆ ಸೋಲುತ್ತಲೇ ಇರಲಿಲ್ಲ.

ಬಂದರಿನ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಐಸ್ ಕಾರ್ಖಾನೆಯ ಗೇಟಿನ ಪಕ್ಕದ ಅವಳ ಅಂಗಡಿಯಲ್ಲಿ ಬೆಳಗಾಗುತ್ತಲೇ ಮೂಟೆ ಹೊರುವವರು, ದೋಣಿಯವರು ಬಟ್ಟಲು ಹಿಡಿದು ನಿಂತಿರುತ್ತಿದ್ದರು. ಅವಳ ಸೂಪಿನ ಜೀವವೆಲ್ಲ ಸೀಗಡಿ ತಲೆಯಲ್ಲಿತ್ತು. ಎಣ್ಣೆಯಲ್ಲಿ ಕೆಂಪಗೆ ಹುರಿದು, ಜಜ್ಜಿ, ನೀರಿಗೆ ಹಾಕಿ ಕುದಿಸಿ, ಸೋಸಿ ತೆಗೆದ ಆ ರಸ ಬಿದ್ದರೆ ಎಂಥ ಬಡಕಲು ಮೀನೂ ಮೈ ತುಂಬಿಕೊಳ್ಳುತ್ತಿತ್ತು.

ಈಗ ಮಗಳು ಮೆಚ್ಚಿದ ಹುಡುಗನ ಮನೆಯಲ್ಲಿ ತಲೆತಲಾಂತರದಿಂದ ಬಂದ ಧರ್ಮದ ಕಟ್ಟಳೆಯೊಂದಿತ್ತು. ನೀರಿನಲ್ಲಿರುವುದಕ್ಕೆ ಈಜುರೆಕ್ಕೆಯೂ ಇರಬೇಕು, ಮೈಮೇಲೆ ಹುರುಪೆಯೂ ಇರಬೇಕು. ಅಂಥದ್ದನ್ನು ಮಾತ್ರ ತಿನ್ನಬಹುದು. ಸೀಗಡಿ, ಏಡಿ, ಚಿಪ್ಪಿನೊಳಗಿನದು ಯಾವುದೂ ಕೂಡದು. ಅವು ಬೆಂದ ಪಾತ್ರೆಯೂ ಕೂಡದು. ಹುಡುಗನ ಅಜ್ಜಿ ಇದರಲ್ಲಿ ಬಲು ಬಿಗಿಯಂತೆ. ಹಾಗಾಗಿ ಮಗಳು ಪಾತ್ರೆ, ಸೌಟು, ಚಾಕು, ಬಟ್ಟಲು ಎಲ್ಲವನ್ನೂ ಹೊಸದಾಗಿ ತಂದಿದ್ದಳು. ಅಡುಗೆಯೂ ಅಂಗಡಿಯಲ್ಲಲ್ಲ, ಮನೆಯಲ್ಲಿ. ಹುಡುಗ, ಅವನ ಅಮ್ಮ, ಅಜ್ಜಿ ಇವತ್ತು ಮೊದಲ ಸಲ ಊಟಕ್ಕೆ ಬರುವವರಿದ್ದರು.

ಸೂಪು ಕುದಿಯಿತು. ಸೂಪಮ್ಮ ಒಂದು ಚಮಚ ನಾಲಿಗೆಗೆ ಬಿಟ್ಟುಕೊಂಡು ಮುಖ ಹಿಂಡಿದಳು. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿತ್ತು. ಆದರೆ ಸಾಮಾನೆಲ್ಲ ಸಾಗಿಸಿದ ಮನೆಯ ಹಾಗೆ ಒಳಗೆಲ್ಲ ಖಾಲಿ. ಬಂದವರು ಮರ್ಯಾದೆಗೆ ಎರಡು ಗುಟುಕು ಕುಡಿದು, "ಚೆನ್ನಾಗಿದೆ" ಅಂದು ಬಟ್ಟಲು ಪಕ್ಕಕ್ಕೆ ಸರಿಸಿದರೆ? ಸೂಪಮ್ಮ ಅಂತ ಹೆಸರಿಟ್ಟುಕೊಂಡು?

"ನಿಂಬೆಹಣ್ಣು ತಗೊಂಡು ಬನ್ನಿ," ಎಂದು ಗಂಡನನ್ನು ಹೊರಗೆ ಅಟ್ಟಿದಳು.

ಅವನ ಚಪ್ಪಲಿಯ ಸದ್ದು ದೂರವಾದ ಮೇಲೆ ಅಕ್ಕಿ ಡಬ್ಬಿಯ ಹಿಂದಿನಿಂದ ಬಟ್ಟೆ ಸುತ್ತಿದ ಪುಟ್ಟ ಸೀಸೆ ತೆಗೆದಳು. ಅಂಗಡಿಯಲ್ಲಿ ಬತ್ತಿಸಿ ತಂದ ಸೀಗಡಿ ರಸ. ಒಂದೇ ಒಂದು ಚಮಚ ಸಾಕು. ಮೀಸೆಯಿಲ್ಲ, ಸಿಪ್ಪೆಯಿಲ್ಲ, ಯಾರಿಗೆ ಗೊತ್ತಾಗುತ್ತದೆ? ಮಗಳ ಮದುವೆಯ ವಿಷಯ, ತಾಯಿಯಾದವಳು ಇಷ್ಟೂ ಮಾಡಬಾರದೇ? ಅವಳು ಸೀಸೆಯ ಮುಚ್ಚಳಕ್ಕೆ ಬೆರಳಿಟ್ಟಳು.

"ಅಮ್ಮಾ, ಅವನು ಹೆದರಿಕೆಗೆ ಮೂರು ಸಲ ಅಂಗಿ ಬದಲಾಯಿಸಿದಾನಂತೆ!" ಮಗಳು ಫೋನು ಹಿಡಿದು ನಗುತ್ತ ಒಳಗೆ ಬಂದಳು. ಬಂದರಿನಲ್ಲಿ ಕ್ರೇನು ಓಡಿಸುವ ಹುಡುಗಿ. ಅಡುಗೆಮನೆಗೆ ಬಂದರೂ ಗಾಳಿಯಲ್ಲಿ ನಿಂತವಳ ಹಾಗೆ ಗಟ್ಟಿಯಾಗಿ ಮಾತಾಡುತ್ತಿದ್ದಳು. ಸೂಪಮ್ಮ ಸೀಸೆಯನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡಳು.

"ನಮ್ಮಿಬ್ಬರಿಗೂ ಪರಿಚಯ ಆಯ್ತಲ್ಲ, ಆ ಕಂಪ್ಯೂಟರ್ ಆಟದಲ್ಲಿ ನಾವು ಮೊದಲು ಜಗಳ ಆಡಿದ್ದು ಯಾಕೆ ಅಂತ ಹೇಳಿದೀನಾ ನಿನಗೆ?"

"ಇಲ್ಲ. ಬೇಗ ಹೇಳಿ ಆಚೆ ಹೋಗು."

"ನಾವೊಂದಷ್ಟು ಜನ ಒಂದೇ ಹಡಗಲ್ಲಿ. ಸಮುದ್ರದ ರಾಕ್ಷಸನ ಮೇಲೆ ಯುದ್ಧ. ಇವನು ಹಡಗಿನ ಅಡುಗೆಯವನು. ಯುದ್ಧಕ್ಕೆ ಮುಂಚೆ ಅವನು ಎಂಥ ಸೂಪು ಕಾಯಿಸ್ತಾನೋ ನಮಗೆ ಅಷ್ಟು ಶಕ್ತಿ. ಸೀಗಡಿ ಹಾಕಿದ್ರೆ ಎರಡರಷ್ಟು. ಇವನ ಬುಟ್ಟಿ ತುಂಬ ಸೀಗಡಿ ಇತ್ತು, ಅಮ್ಮಾ! ಆದ್ರೂ ಬರೀ ಮೀನಿನ ಸೂಪು ಮಾಡಿ ಕೊಟ್ಟ. ಹಡಗು ಮುಳುಗೇಹೋಯ್ತು."

"ಅಯ್ಯೋ ಅವನ!"

"ನಾನೂ ಬಾಯಿಗೆ ಬಂದ ಹಾಗೆ ಬೈದೆ. ಕ್ಷಮಿಸಿ, ನಮ್ಮನೇಲಿ ಸೀಗಡಿ ಬೇಯಿಸಲ್ಲ ಅಂದ. ಲೋ ಮಹಾರಾಯ, ಅದು ಬರೀ ಚಿತ್ರ ಕಣೋ ಅಂದೆ. ಗೊತ್ತು, ಆದ್ರೂ ಕೈ ಬರಲಿಲ್ಲ ಅಂದ. ಎಲ್ಲರೂ ಸೇರಿ ಅವನನ್ನ ತಂಡದಿಂದ ಓಡಿಸಿದ್ರು. ನಾನೂ ಅವನ ಹಿಂದೇನೇ ಹೊರಟೆ."

"ನೀನ್ಯಾಕೆ?"

ಮಗಳು ಫೋನು ಕೆಳಗಿಟ್ಟು ಹೊಸ ಬಟ್ಟಲುಗಳನ್ನು ಎತ್ತಿ ಎದೆಗೆ ಒತ್ತಿಕೊಂಡಳು. "ಏನೋ. ಇಂಥವನ ಜೊತೆ ಮುಳುಗಿದ್ರೂ ಪರವಾಗಿಲ್ಲ ಅನ್ನಿಸ್ತು. ಕೈಯಲ್ಲೇನದು?"

"ಎಣ್ಣೆ. ಹೋಗು, ಬಟ್ಟಲು ಒರೆಸು."

ಮಗಳು ಹೋದ ಮೇಲೂ ಸೂಪಮ್ಮನ ಮುಷ್ಟಿ ಬಿಚ್ಚಲಿಲ್ಲ. ಪಾತ್ರೆ ಕೊತಕೊತ ಅನ್ನುತ್ತಿತ್ತು. ಆಮೇಲೆ ಅವಳು ಹಿತ್ತಲ ಬಾಗಿಲು ತೆರೆದು ಸೀಸೆಯನ್ನು ಚರಂಡಿಯ ಕಲ್ಲಿನ ಮೇಲೆ ಬಗ್ಗಿಸಿದಳು. ಎಲ್ಲಿತ್ತೋ ಏನೋ, ಪಕ್ಕದ ಮನೆಯ ಬೆಕ್ಕು ಹಾರಿ ಬಂದು ಕಲ್ಲನ್ನು ನೆಕ್ಕತೊಡಗಿತು. ಅದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ. ಸೂಪಮ್ಮ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು ಒಳಗೆ ಬಂದಳು.

ಬಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕುಯ್ದ ಮೀನಿನ ಮುಳ್ಳು, ಮೂಳೆಗಳನ್ನು ಹೊಸ ಕಾವಲಿಯಲ್ಲಿ ಕಂದುಬಣ್ಣ ಬರುವವರೆಗೆ ಹುರಿದಳು. ಈರುಳ್ಳಿಯನ್ನು ಸಿಪ್ಪೆ ಸಮೇತ ಬೆಂಕಿಯಲ್ಲಿ ಕಪ್ಪಗೆ ಸುಟ್ಟಳು. ಟೊಮೆಟೊ ಹಿಚುಕಿ, ಮೆಣಸು ಜಜ್ಜಿ, ಎಲ್ಲವನ್ನೂ ಪಾತ್ರೆಗೆ ಸುರಿದಳು.

"ಮನೆಗೆ ಬೆಂಕಿ ಬಿತ್ತೇನೇ?" ನಿಂಬೆಹಣ್ಣು ಹಿಡಿದು ಗಂಡ ಓಡಿಬಂದ.

"ಬಾಯಿ ಮುಚ್ಕೊಂಡು ಜರಡಿ ಹಿಡೀರಿ."

ಸೋಸಿದ ರಸಕ್ಕೆ ತಲೆ ಸಮೇತ ಇಡೀ ಕೆಂಪು ಮೀನೊಂದನ್ನು ಇಳಿಬಿಟ್ಟು ಬೇಯಿಸಿ ರುಚಿ ನೋಡಿದಳು. ಇದು ಅವಳ ಸೂಪಲ್ಲ. ಯಾರೋ ಪರಿಚಯವಿಲ್ಲದ ಹೆಂಗಸು ಒಳಗೆ ಬಂದು ಮಾಡಿಟ್ಟು ಹೋದ ಹಾಗಿತ್ತು. ಚೆನ್ನಾಗಿದೆಯೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಅಜ್ಜಿ ಕುರ್ಚಿ ತೋರಿಸಿದರೂ ಕೂರದೆ ಕೋಲೂರಿಕೊಂಡು ನೆಟ್ಟಗೆ ಅಡುಗೆಮನೆಗೇ ಬಂದರು. ಸೂಪಮ್ಮ ಮೀನಿನ ಹುರುಪೆಗಳನ್ನು ತೊಳೆದು ಬಟ್ಟಲಲ್ಲಿ ತೆಗೆದಿಟ್ಟಿದ್ದಳು. ಮದುಮಗಳ ಒಡವೆ ತೋರಿಸುವವಳ ಹಾಗೆ ಮುಂದೆ ಹಿಡಿದಳು. ಅಜ್ಜಿ ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ, ಆಮೇಲೆ ಹೋಗಿ ಕೂತರು.

ಸೂಪು ಬಡಿಸಿಯಾಯಿತು. ಅಜ್ಜಿ ಒಂದು ಚಮಚ ಕುಡಿದರು. ಇನ್ನೊಂದು ಕುಡಿದರು. ಚಮಚ ಕೆಳಗಿಟ್ಟರು. ಎರಡೇ ಗುಟುಕು, ಎಂದು ಸೂಪಮ್ಮ ಎಣಿಸಿಕೊಂಡಳು. ಅಜ್ಜಿ ಎರಡೂ ಕೈಯಿಂದ ಬಟ್ಟಲನ್ನೇ ಎತ್ತಿ ಬಾಯಿಗಿಟ್ಟುಕೊಂಡು, ಕೆಳಗಿಡದೆ ಕುಡಿದು ಮುಗಿಸಿದರು.

"ಮದುವೆಯಾಗಿ ಬಂದಾಗಿಂದ ನನ್ನ ಕೈಯಡುಗೆಗೆ ಒಂದು ಸಲವೂ ಅತ್ತೆ ಹೀಗೆ ಬಟ್ಟಲು ಎತ್ತಿಲ್ಲ, ನೋಡಿ," ಎಂದು ಹುಡುಗನ ಅಮ್ಮ ಸುಳ್ಳುಮುನಿಸಿನಿಂದ ಹೇಳಿದರು.

ಎಲ್ಲರೂ ನಕ್ಕರು. ಬಿಗುವು ಸಡಿಲವಾಗಿದ್ದೇ ತಡ, ಮಗಳ ಬಾಯಲ್ಲಿ ಮೊದಲೇ ಕಥೆ ಕೇಳಿದ್ದ ಸೂಪಮ್ಮನ ಗಂಡನಿಗೆ ಮಾತು ಬಂತು. "ನಿಮ್ಮ ಹುಡುಗ ಒಂದು ಹಡಗು ಮುಳುಗಿಸಿದ್ದು ಗೊತ್ತಾ ಅಜ್ಜಿ ನಿಮಗೆ?"

"ಯಾವ ಹಡಗು? ಇವನು ಕನ್ನಡಕ ಮಾಡೋನಲ್ವಾ?"

ಹುಡುಗನ ಕಿವಿ ಕೆಂಪಾಯಿತು. ಮಗಳು ಕೈ ಆಡಿಸಿ, ರಾಕ್ಷಸನನ್ನೂ ತಾನೇ ಅಭಿನಯಿಸಿ, ಕಥೆ ಹೇಳಿದಳು. ಅಜ್ಜಿ ಗಂಭೀರವಾಗಿ ಕೇಳಿಸಿಕೊಂಡರು. ಕೊನೆಗೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಲ್ವೋ ಪೆದ್ದು ಮುಂಡೇದೇ! ಕಟ್ಟಳೆ ಇರೋದು ಬಾಯಿಗೆ ಕಣೋ, ಚಿತ್ರಕ್ಕಲ್ಲ! ಅಷ್ಟೊಂದು ಜನಾನ ಸುಮ್ಮನೆ ಮುಳುಗಿಸಿಬಿಟ್ಯಲ್ಲೋ!"

ಎಲ್ಲರಿಗಿಂತ ಹೆಚ್ಚು ನಕ್ಕವಳು ಸೂಪಮ್ಮ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏನೇನು ಹಾಕಿದೀಯಮ್ಮ ಇದಕ್ಕೆ?" ಅಜ್ಜಿ ಕೇಳಿದರು.

ಅಂಗಡಿಯಲ್ಲಿ ಈ ಪ್ರಶ್ನೆಗೆ ಅವಳು ಎಂದೂ ಸರಿಯಾಗಿ ಉತ್ತರ ಕೊಟ್ಟವಳಲ್ಲ. ಇವತ್ತು ಸುಟ್ಟ ಈರುಳ್ಳಿಯಿಂದ ಹಿಡಿದು ಹುರಿದ ಮೂಳೆಯವರೆಗೆ ಒಂದೂ ಬಿಡದೆ, ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಕೂತ್ಕೋ. ನೀನೂ ಊಟ ಮಾಡು," ಎಂದರು ಅಜ್ಜಿ.

ಸೂಪಮ್ಮ ಅಜ್ಜಿಯ ಪಕ್ಕದಲ್ಲಿ ಕೂತಳು. ಅಜ್ಜಿ ಮೀನಿನ ತಲೆಯನ್ನು ತಮ್ಮ ತಟ್ಟೆಗೆ ಎಳೆದುಕೊಂಡರು. ಸುಕ್ಕುಗಟ್ಟಿದ ಹೆಬ್ಬೆರಳಿನಿಂದ ಕಣ್ಣಿನ ಕೆಳಗೆ ಮೆಲ್ಲಗೆ ಒತ್ತಿ, ಇಡೀ ಮೀನಿನಲ್ಲಿ ಎಲ್ಲಕ್ಕಿಂತ ರುಚಿಯಾದ, ಕೆನ್ನೆಯ ಆ ಮೆತ್ತನೆಯ ತುಣುಕನ್ನು ಒಡೆಯದಂತೆ ಬಿಡಿಸಿದರು. ಮುಳ್ಳಿದೆಯೇ ಎಂದು ಒಮ್ಮೆ ಸವರಿ ನೋಡಿದರು. ಆಮೇಲೆ ಅದನ್ನು ಸೂಪಮ್ಮನ ತಟ್ಟೆಯ ಅಂಚಿಗೆ ಇಟ್ಟರು.