ಸೂರತ್ತಿನಿಂದ ಬಂದ ಮೇದಿನಿ

ನಳಿನಿಗೂ ಮೇದಿನಿಗೂ ಪರಿಚಯವಾದದ್ದು ಅಹಮದಾಬಾದಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ. ಅಷ್ಟು ಜನರ ನಡುವೆ ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ಬಂದ ಹೆಂಗಸರು ಅವರಿಬ್ಬರೇ. ಇಬ್ಬರೂ ಮೈಸೂರಿನವರು. ನಳಿನಿಗೆ ವಡೋದರಾದಲ್ಲಿ ಬ್ಯಾಂಕಿನ ಕೆಲಸ, ಮೇದಿನಿಗೆ ಸೂರತ್ತಿನ ವಿಮಾ ಕಚೇರಿಯಲ್ಲಿ. ಮೇದಿನಿ ಒಂಟಿ. ನಳಿನಿಯ ಮನೆಯಲ್ಲಿ ರೈಲ್ವೆ ಇಂಜಿನಿಯರ್ ಗಂಡ ಚಂದ್ರಶೇಖರ, ಅತ್ತೆ ಗೌರಮ್ಮ, ಮಗಳು ವಿಂಧ್ಯಾ.

ಗೀರ್ ಕಾಡಿಗೆ ಹೋಗಿ ಸಿಂಹಗಳ ಚಿತ್ರ ತೆಗೆಯಬೇಕೆಂಬ ಮಾತು ಆ ಊಟದ ದಿನವೇ ಹುಟ್ಟಿತ್ತು. ತೊಂಬತ್ತನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಗಟ್ಟಿಯಾಯಿತು. ಅಕ್ಟೋಬರ್ ನಡುವಿನಲ್ಲಿ ಕಾಡು ತೆರೆದ ಕೂಡಲೇ ಗೀರ್, ಅಲ್ಲಿಂದ ಕೃಷ್ಣಮೃಗ ನೋಡಲು ವೇಳಾವದರದ ಹುಲ್ಲುಗಾವಲು. ಸೆಪ್ಟೆಂಬರಿನ ಒಂದು ಶುಕ್ರವಾರ ಮೇದಿನಿ ವಡೋದರಾಕ್ಕೆ ಬರುವುದು, ಎರಡು ದಿನ ಕೂತು ಎಲ್ಲ ನಿಗದಿ ಮಾಡುವುದು ಅಂತಾಯಿತು. ನಳಿನಿ ಗುಜರಾತಿನ ದೊಡ್ಡ ನಕ್ಷೆ ತಂದು ಊಟದ ಮೇಜಿನ ಮೇಲೆ ಹರಡಿದ್ದಳು.

ಆ ಶುಕ್ರವಾರ ಬೆಳಿಗ್ಗೆ ಪೇಪರಿನ ಮೊದಲ ಪುಟದಲ್ಲಿ ಸೂರತ್ತಿನ ಸುದ್ದಿ ಬಂತು. ಪ್ಲೇಗು.

ಗೌರಮ್ಮ ಕಾಫಿ ಲೋಟ ಕೆಳಗಿಟ್ಟರು. "ನಾನು ಚಿಕ್ಕೋಳಿದ್ದಾಗ ಇಲಿ ಬಿತ್ತು ಅಂದ್ರೆ ಊರೇ ಖಾಲಿ. ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿದ್ವಿ. ನಮ್ಮಕ್ಕನ್ನ ಆ ಗುಡಿಸಲಲ್ಲೇ ಕಳ್ಕೊಂಡ್ವಿ," ಎಂದರು. ಆಮೇಲೆ, "ಆ ಹುಡುಗಿಗೆ ಬರಬೇಡ ಅಂತ ಫೋನ್ ಮಾಡು, ನಳಿನಿ," ಎಂದರು.

ನಳಿನಿ ಫೋನ್ ಮಾಡಿದಳು. ಸೂರತ್ತಿನ ಲೈನು ಸಿಗಲೇ ಇಲ್ಲ. ಮಧ್ಯಾಹ್ನ ಚಂದ್ರಶೇಖರ ಕಚೇರಿಯಿಂದ ಫೋನ್ ಮಾಡಿ, ಸೂರತ್ತಿನಿಂದ ಬರುವ ಗಾಡಿಗಳ ಚಾವಣಿ ಮೇಲೂ ಜನ ಕೂತಿದ್ದಾರೆ ಎಂದ. ಬ್ಯಾಂಕಿನಲ್ಲಿ ಅರ್ಧ ಜನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು.

ಸಂಜೆ ಮೇದಿನಿ ಬಂದಳು. ಹೆಗಲಲ್ಲಿ ಕ್ಯಾಮೆರಾ ಚೀಲ, ಕೈಯಲ್ಲಿ ಟ್ರೈಪಾಡ್. ಬಟ್ಟೆಯ ಚೀಲ ಇರಲಿಲ್ಲ. ಕೂದಲೆಲ್ಲ ಕೆದರಿತ್ತು.

"ಬೀದಿಗೆ ಬೀದಿಯೇ ಖಾಲಿ ಕಣೆ," ಎಂದಳು. "ಪಕ್ಕದ ಮನೆಯವರು ಕುಕ್ಕರ್ ಒಲೆ ಮೇಲೇ ಬಿಟ್ಟು ಓಡಿದ್ರು. ನಂಗೂ ಏನು ತಗೋಬೇಕು ಅಂತ ಹೊಳೀಲಿಲ್ಲ. ಇದು ಕೈಗೆ ಸಿಕ್ತು, ತಗೊಂಡು ಬಂದೆ." ಹೇಳುತ್ತಲೇ ಕೆಮ್ಮಿದಳು.

ಒಳಗಿನಿಂದ ವಿಂಧ್ಯಾ "ಮೇದಿನಿ ಆಂಟಿ ಆ ಗಯೀ!" ಎಂದು ಕೂಗುತ್ತ ಓಡಿ ಬಂದಳು. ಅವಳು ಹೊಸಿಲು ದಾಟುವ ಮೊದಲೇ ನಳಿನಿ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಎಳೆದ ರಭಸಕ್ಕೆ ಮಗು ಗೋಡೆಗೆ ತಾಗಿ ಅಳತೊಡಗಿತು. ಮೇದಿನಿ ಚಾಚಿದ್ದ ಕೈ ಇಳಿಸಿದಳು. ಒಂದು ಹೆಜ್ಜೆ ಹಿಂದೆ ಸರಿದು, "ನಾನು ಯಾವುದಾದ್ರೂ ಹೋಟೆಲ್ಲಿಗೆ ಹೋಗ್ತೀನಿ," ಎಂದಳು.

ಸೂರತ್ತಿನಿಂದ ಬಂದವಳನ್ನು ಆ ದಿನ ಯಾವ ಹೋಟೆಲೂ ಸೇರಿಸುವ ಹಾಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆಗಷ್ಟೇ ಬಂದ ಚಂದ್ರಶೇಖರ ಮೆಟ್ಟಿಲ ಬಳಿ ನಿಂತೇ ಹೇಳಿದ: "ಮೇಲಿನ ಕೋಣೆ ಖಾಲಿ ಇದೆ. ಹೊರಗಿಂದಲೇ ಹತ್ತಬಹುದು. ಅಲ್ಲಿರಿ. ನಾನು ಮಾತ್ರೆ ಹುಡುಕ್ಕೊಂಡು ಬರ್ತೀನಿ."

ಅವನು ಊರೆಲ್ಲ ಸುತ್ತಿದ. ಪ್ಲೇಗಿಗೆ ಕೊಡುವ ಟೆಟ್ರಾಸೈಕ್ಲಿನ್ ಒಂದೇ ಒಂದು ಅಂಗಡಿಯಲ್ಲೂ ಉಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ನಳಿನಿ ತಟ್ಟೆಯಲ್ಲಿ ಉಪ್ಪಿಟ್ಟು ಇಟ್ಟುಕೊಂಡು, ಮೂಗಿಗೆ ಸೆರಗು ಕಟ್ಟಿಕೊಂಡು ಮೇಲೆ ಹತ್ತಿದಳು. ತಟ್ಟೆಯನ್ನು ಬಾಗಿಲ ಮುಂದಿಟ್ಟು, ತಾನು ಮೆಟ್ಟಿಲ ಮೇಲೆಯೇ ಕೂತಳು. ಮೇದಿನಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

"ನಕ್ಷೆ ತಂದಿದ್ದೀಯಾ?"

"ಈಗ ಅದ್ಯಾಕೆ?"

"ಸುಮ್ಮನೆ ಕೂತ್ರೆ ತಲೆ ಕೆಡುತ್ತೆ. ಏನಾದ್ರೂ ಮಾತಾಡು."

ನಳಿನಿ ನಕ್ಷೆ ತಂದು ಮೆಟ್ಟಿಲ ಮೇಲೆ ಬಿಡಿಸಿದಳು. ಜುನಾಗಢದವರೆಗೆ ರಾತ್ರಿ ಬಸ್ಸೋ, ರೈಲೋ. ಬೆಳಗಿನ ಬೆಳಕು ಮಂದವಾಗಿರುತ್ತದೆ, ಯಾವ ಫಿಲಂ ಒಯ್ಯಬೇಕು. ಸಿಂಹ ನೀರಿಗೆ ಬರುವ ಜಾಗದಲ್ಲಿ ಜೀಪು ನಿಲ್ಲಿಸಲು ಬಿಡುತ್ತಾರೋ ಇಲ್ಲವೋ. ಮೇದಿನಿ ಸ್ಪಷ್ಟವಾಗಿಯೇ ಮಾತಾಡುತ್ತಿದ್ದಳು. ಆದರೆ ನಳಿನಿಯ ಕಿವಿ ಮಾತಿನ ಕಡೆ ಇರಲಿಲ್ಲ. ಪ್ರತಿ ಕೆಮ್ಮಿಗೂ ಅವಳು ತನಗೆ ಗೊತ್ತಿಲ್ಲದೆ ಒಂದು ಮೆಟ್ಟಿಲು ಕೆಳಗೆ ಜರುಗುತ್ತಿದ್ದಳು. ಮೇದಿನಿ ಅದನ್ನು ನೋಡಿಯೂ ನೋಡದವಳಂತೆ ವೇಳಾವದರದ ದಾರಿ ವಿಚಾರಿಸುತ್ತಿದ್ದಳು.

ಮಧ್ಯಾಹ್ನ ಅವರ ವಸತಿ ಸೊಸೈಟಿಯ ಸೆಕ್ರೆಟರಿ ಜಯಂತಿಭಾಯಿ ಗೇಟಿನ ಆಚೆಯೇ ನಿಂತು, ಬಂದ ಅತಿಥಿ ಎಲ್ಲಿಯವರೆಂದು ಕೇಳಿದರು. "ನಳಿನಿಬೆನ್, ಮೆಹಮಾನ್ ಕಹಾಂ ಸೆ ಆಯೇ ಹೈಂ?"

"ಅಹಮದಾಬಾದ್ ಸೆ. ಬೋಡಕ್‌ದೇವ್ ಸೆ," ಎಂದು ನಳಿನಿಯ ಬಾಯಿಂದ ಸುಳ್ಳು ಬಂದುಬಿಟ್ಟಿತು.

ಅವರು ಮೇಲಿನ ಕಿಟಕಿಯನ್ನು ಒಮ್ಮೆ ನೋಡಿ ಹೋದರು. ನಳಿನಿ ಗೇಟಿನ ಅಗುಳಿ ಹಾಕಿದಳು. ಕಾಯಿಲೆ ನಿಜವಾಗಿದ್ದರೆ ಇಡೀ ಸೊಸೈಟಿಯ ಮಕ್ಕಳ ಪಾಪ ತನ್ನ ತಲೆಗೆ ಬರುತ್ತದೆ. ಅವಳು ಮೇಲೆ ಹತ್ತಿ ಹೋದಾಗ ಮೇದಿನಿ ಮಂಚದ ಮೇಲೆ ಮುದುರಿ ಮಲಗಿದ್ದಳು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು.

"ಕೇಳಿಸ್ತು ಕಣೆ, ನೀನು ಹೇಳಿದ್ದು," ಎಂದಳು ಮೇದಿನಿ. "ನನ್ನ ಆಸ್ಪತ್ರೆಗೆ ಬಿಟ್ಟುಬಿಡು. ಇಲ್ಲಿ ಬೇಡ. ಮಗು ಇದೆ."

ಚಂದ್ರಶೇಖರ ಸ್ಟೇಷನ್ನಿನಲ್ಲಿದ್ದ. ಆಟೋದವನಿಗೆ ಎಲ್ಲಿಂದ ಬಂದವರೆಂದು ಹೇಳಿದರೆ ಹತ್ತಿಸಿಕೊಳ್ಳುವುದಿಲ್ಲ. ಹೇಳದೆ ಹತ್ತಿದರೆ ಅವನ ಮನೆಯಲ್ಲೂ ಮಕ್ಕಳಿರುತ್ತಾರೆ. ನಳಿನಿ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ತನ್ನ ಕೈನೆಟಿಕ್ ಹೊಂಡಾ ಸ್ಕೂಟರ್ ಹೊರಗೆ ತೆಗೆದಳು. ಗೌರಮ್ಮ ಬಾಗಿಲಲ್ಲಿ ವಿಂಧ್ಯಾಳನ್ನು ಹಿಡಿದುಕೊಂಡು ನಿಂತಿದ್ದರು.

ಮೇದಿನಿ ಹಿಂದೆ ಕೂತಳು. ಮೊದಲು ಸೀಟಿನ ಹಿಡಿಕೆ ಹಿಡಿದು ದೂರ ಇದ್ದಳು. ರಸ್ತೆ ತಿರುವಿನಲ್ಲಿ ತೂಗಾಡಿದಾಗ ಬೀಳುತ್ತಾಳೆಂದು ನಳಿನಿಗೇ ಭಯವಾಯಿತು. "ನನ್ನ ಹಿಡ್ಕೋ," ಎಂದಳು. ಎರಡು ಕೈಗಳು ಅವಳ ಸೊಂಟ ಬಳಸಿದವು. ಸುಡುವ ಕೆನ್ನೆ ಬೆನ್ನಿಗೆ ಒರಗಿತು. ಉಸಿರು ಕುತ್ತಿಗೆಗೆ ತಾಗುತ್ತಿತ್ತು, ಬಿಸಿಯಾಗಿ, ಬಿಟ್ಟು ಬಿಟ್ಟು. ನಳಿನಿ ತನ್ನ ಉಸಿರು ಬಿಗಿಹಿಡಿದಳು. ಎಷ್ಟು ಹೊತ್ತು ಹಿಡಿಯಲಾದೀತು? ಫತೇಗಂಜ್ ದಾಟುವಾಗ ಮೇದಿನಿ ಕೆಮ್ಮಿದಳು. ಸ್ಕೂಟರ್ ನಿಲ್ಲಿಸಿ, ಇಳಿಸಿ, ಓಡಿಬಿಡಬೇಕು ಅನಿಸಿತು ನಳಿನಿಗೆ. ಕೈ ಬ್ರೇಕಿನ ಮೇಲೂ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಸಣ್ಣ ದನಿ ಕೇಳಿಸಿತು: "ಸಾರಿ ಕಣೆ." ನಳಿನಿ ಬ್ರೇಕಿನಿಂದ ಕೈ ತೆಗೆದಳು. ಅಳುತ್ತಲೇ ಗಾಡಿ ಓಡಿಸಿದಳು.

ಆಸ್ಪತ್ರೆಯಲ್ಲಿ ಮೇದಿನಿಯನ್ನು ಬೇರೆ ವಾರ್ಡಿಗೆ ಒಯ್ದು ಬಾಗಿಲು ಹಾಕಿಕೊಂಡರು. ಒಬ್ಬ ಡಾಕ್ಟರ್ ನಳಿನಿಯ ಕೈಗೂ ಮಾತ್ರೆ ಹಾಕಿ, "ಮನೆಯಲ್ಲಿ ಮಗುವಿನಿಂದ ದೂರ ಇರಿ," ಎಂದ. ನಳಿನಿ ಮನೆಗೆ ಬಂದು ಸೀದಾ ಮೇಲಿನ ಕೋಣೆಗೆ ಹೋದಳು, ಅದೇ ಮಂಚ, ಅದೇ ಕಿಟಕಿ. ಗೌರಮ್ಮ ಬಾಗಿಲ ಮುಂದೆ ತಟ್ಟೆ ಇಟ್ಟು ಹೋಗುತ್ತಿದ್ದರು. ಕೆಳಗಿನಿಂದ ವಿಂಧ್ಯಾ "ಮಮ್ಮಿ, ನೀಚೆ ಆಓ ನಾ," ಎಂದು ಕೆಳಗೆ ಕರೆದಾಗೆಲ್ಲ ನಳಿನಿ ಕಂಕುಳು ಮುಟ್ಟಿ ಪ್ಲೇಗಿನ ಗಂಟು ಎದ್ದಿದೆಯೇ ಎಂದು ನೋಡಿಕೊಳ್ಳುತ್ತಿದ್ದಳು.

ಸೋಮವಾರ ಚಂದ್ರಶೇಖರ ಆಸ್ಪತ್ರೆಯಿಂದ ಓಡಿ ಬಂದ. ಮೂಗಿನ ಬಟ್ಟೆ ಕಿತ್ತು ಹಾಕಿ ಅಂಗಳದಿಂದಲೇ ಕೂಗಿದ: "ಮಲೇರಿಯಾ ಕಣೆ! ಎದೆ ಎಕ್ಸ್‌ರೇ ಚೆನ್ನಾಗಿದೆಯಂತೆ. ಬರೀ ಮಲೇರಿಯಾ!"

ಮಲೇರಿಯಾಕ್ಕೆ 'ಬರೀ' ಅನ್ನುವ ಕಾಲ ಬಂತಲ್ಲ ಎಂದು ಗೌರಮ್ಮ ಗೊಣಗಿದರು. ನಳಿನಿ ನಕ್ಕಳು. ತನ್ನ ಮಗು ಉಳಿಯಿತು ಎಂಬುದೇ ಅವಳಿಗೆ ಮೊದಲು ಹೊಳೆದದ್ದು. ಮೇದಿನಿಯ ನೆನಪು ಬಂದದ್ದು ಆಮೇಲೆ.

ವಾರ ಕಳೆದು ಮೇದಿನಿ ಮನೆಗೆ ಬಂದಾಗ ಮೈ ಕಡ್ಡಿಯಂತಾಗಿತ್ತು. ಈ ಸಲ ನಳಿನಿ ಗೇಟಿನವರೆಗೆ ಹೋಗಿ ಕೈ ಹಿಡಿದು ಕರೆತಂದಳು. ಗೌರಮ್ಮ ಗಂಜಿ ಕಾಯಿಸಿ ಎದುರಿಗೆ ಕೂತು ಕುಡಿಸಿದರು. ವಿಂಧ್ಯಾ ಮಾತ್ರ ಅಡುಗೆಮನೆಯ ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ.

"ಬಾರೇ, ಆಂಟಿಗೆ ವಾಸಿಯಾಗಿದೆ," ಎಂದು ನಳಿನಿ ಕರೆದಳು.

"ಬಲವಂತ ಮಾಡ್ಬೇಡ," ಎಂದಳು ಮೇದಿನಿ. "ಗೀರ್‌ಗೆ ಈ ತಿಂಗಳು ನನ್ನ ಕೈಲಾಗಲ್ಲ. ಡಿಸೆಂಬರಿಗೆ ಇಟ್ಕೊಳ್ಳೋಣ್ವಾ?"

ನಳಿನಿ ಉತ್ತರಿಸುವ ಮೊದಲೇ ಬಾಗಿಲ ಹಿಂದಿನಿಂದ ವಿಂಧ್ಯಾ ಕೇಳಿದಳು: "ಆಂಟಿ, ಸಿಂಹಕ್ಕೂ ಪ್ಲೇಗ್ ಬರುತ್ತಾ?"

"ಇಲ್ಲ ಪುಟ್ಟಿ, ಬರಲ್ಲ ಅನ್ಸುತ್ತೆ."

"ಅನ್ಸುತ್ತೆ ಯಾಕೆ? ಪಕ್ಕಾ ಗೊತ್ತಿಲ್ವಾ?" ಮಗುವಿನ ದನಿ ನಡುಗಿತು. "ಹಾಗಾದ್ರೆ ಮಮ್ಮಿ ಹೋಗೋದು ಬೇಡ."

ನಳಿನಿ ಎದ್ದು ಹೋಗಿ ಮಗಳ ಮುಂದೆ ನೆಲದ ಮೇಲೆ ಕೂತಳು. ಹೆದರಬೇಡ ಎನ್ನಬೇಕೆಂದುಕೊಂಡಿದ್ದಳು. "ನಂಗೂ ಹೆದರಿಕೆ ಆಗುತ್ತೆ ಕಣಮ್ಮ," ಎಂದಳು. "ಆದ್ರೂ ಡಿಸೆಂಬರಲ್ಲಿ ಹೋಗ್ತೀನಿ."