ಐದನೇ ಸುತ್ತಿನ ಚೀಟಿ

"ಕಾಲು ತೊಳ್ದಿದ್ದೀಯಾ ಬೇವರ್ಸಿ? ಕೆಸರು ಕಾಲಲ್ಲಿ ಕಮಿಟಿಯ ಹತ್ರ ಬರುದಾ?"

ಹ್ಯೂಬರ್ಟ್ ಧಣಿಗಳು ಜಗಲಿಯ ಕುರ್ಚಿಯಿಂದ ಏಳದೆ ಕೇಳಿದರು. ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಎರಡು ಸಲ ತೊಳೆದೇ ಬಂದಿದ್ದೆ. ಅವರ ಹೆಂಚಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಮಣ್ಣು ತುಳಿದ ಕಾಲು. ಹಾಜರಿ ಬರೆಯುವ ಕೆಲಸ ಸಿಕ್ಕಿ ಆರು ತಿಂಗಳಾಗಿದ್ದರೂ ಉಗುರ ಸಂದಿಯ ಮಣ್ಣು ಹೋಗಿರಲಿಲ್ಲ.

"ಎಂತ ಬರ್ದಿದ್ದಿ? ಓದು."

ಮೈದಾನದಲ್ಲಿ ಟಿಕೇಟಿಟ್ಟು ವರ್ಷಕ್ಕೊಮ್ಮೆ ನಡೆಯುವ ಬಾಕ್ಸಿಂಗಿನ ಕಮಿಟಿಗೆ ಧಣಿಗಳೇ ಅಧ್ಯಕ್ಷರು. ಜಿಲ್ಲೆಯ ಬೆಲ್ಟು ಮೂರು ವರ್ಷದಿಂದ ಅವರ ಅಕ್ಕನ ಮಗ ಮ್ಯಾಕ್ಸಿಮನ ಸೊಂಟದಲ್ಲಿತ್ತು. ಕೊನೆಯಲ್ಲಿ ಯಾರ ಕೈ ಎತ್ತಬೇಕೆಂದು ನಿಶ್ಚಯಿಸುವವರೂ ಅವರೇ. ಹೋದ ವರ್ಷ ಜನ ಕಲ್ಲು ಎಸೆದಿದ್ದರು.

ನಾನು ಓದಿದೆ. ಪ್ರತಿ ಸುತ್ತು ಮುಗಿದ ಮೇಲೆ ಮೂವರು ತೀರ್ಪುಗಾರರು ಗೆದ್ದವನ ಹೆಸರನ್ನು ಚೀಟಿಯಲ್ಲಿ ಬರೆಯಬೇಕು. ಆ ಚೀಟಿಗಳನ್ನು ಕೆಲಸಗಾರರ ಕಡೆಯವನೊಬ್ಬ ಎಲ್ಲರೆದುರು ಓದಬೇಕು. ಐದು ಸುತ್ತಿನಲ್ಲಿ ಹೆಚ್ಚು ಸುತ್ತು ಗೆದ್ದವನಿಗೇ ಬೆಲ್ಟು. ಓದುವವನು ಚೀಟಿಯಲ್ಲಿದ್ದುದನ್ನು ಮಾತ್ರ ಓದತಕ್ಕದ್ದು, ತನ್ನದೊಂದು ಮಾತನ್ನೂ ಸೇರಿಸತಕ್ಕದ್ದಲ್ಲ. ಈ ಕಡೆಯ ವಾಕ್ಯವನ್ನು ನಾಲ್ಕು ಸಲ ತಿದ್ದಿದ್ದೆ. ನಮ್ಮವನೂ ಮೋಸ ಮಾಡಬಾರದಲ್ಲ.

"ಈ ತಕ್ಕದ್ದು ಗಿಕ್ಕದ್ದು ಎಲ್ಲ ಕಲ್ತದ್ದೆಲ್ಲಿ?"

"ಕಂಕನಾಡಿಯ ಸಂಜೆ ಶಾಲೆಯಲ್ಲಿ, ಧಣಿಗಳೆ."

ಅವರು ಪಕ್ಕದಲ್ಲಿದ್ದ ಭಾವನನ್ನು, ಮ್ಯಾಕ್ಸಿಮನ ಅಪ್ಪನನ್ನು, ನೋಡಿ ನಕ್ಕರು. "ಆಗ್ಲಿ. ಎಲ್ಲದಕ್ಕೂ ಒಪ್ಪಿಗೆ ಉಂಟು. ಓದುದು ನೀನೇ."

ನನಗೆ ಎಷ್ಟು ಸಂತೋಷವಾಯಿತೆಂದರೆ, ಬೇವರ್ಸಿ ಎಂದದ್ದು ಮರೆತೇಹೋಯಿತು.

ಮಣ್ಣಿನ ಹೊಂಡದಲ್ಲಿ ಮಾಯಿಲಪ್ಪ ಮೊಣಕಾಲ ತನಕ ಹೂತುಕೊಂಡು ತುಳಿಯುತ್ತಿದ್ದ. ಈ ಸಲ ಮ್ಯಾಕ್ಸಿಮನ ಎದುರು ನಿಲ್ಲುವವನು ಅವನೇ. ಈ ವರ್ಷದಿಂದ ಬೆಲ್ಟು ಗೆದ್ದವನನ್ನು ಮದರಾಸಿನ ಬಾಕ್ಸಿಂಗ್ ಕಂಪೆನಿಯವರು ಕರೆದುಕೊಂಡು ಹೋಗುತ್ತಾರೆ. ಗೆದ್ದರೆ ಅವನಿಗೆ ಈ ಹೊಂಡ ಮುಗಿಯಿತು.

"ಧಣಿ ಒಪ್ಪಿದ್ರಾ? ತಮಾಷೆ ಮಾಡ್ಬೇಡಿ ಪೂವಪ್ಪಣ್ಣ."

"ಎಲ್ಲ ಒಪ್ಪಿದ್ರು ಮಾರಾಯ."

ಒಲೆಗೆ ಸೌದೆ ಹಾಕುವ ಅಲ್ಫೋನ್ಸ್ ಕ್ಯಾಕರಿಸಿ ಉಗಿದ. "ಒಪ್ಪಿದ ಅಂದ್ರೆ ಎಂತದ್ದೋ ಉಂಟು. ಅವ ಉಚ್ಚೆ ಹೊಯ್ಯುದೂ ಲಾಭ ನೋಡಿಯೇ, ಬೋಳಿಮಗ."

ಮಾಯಿಲಪ್ಪನ ಹೆಂಡತಿ ಕಿನ್ನಿ ತಲೆಯ ಮೇಲೆ ಹಸಿ ಹೆಂಚಿನ ಹಲಗೆ ಹೊತ್ತವಳು ನಿಂತಳು. "ಓದುದು ಪೂವಪ್ಪಣ್ಣ ಅಲ್ವಾ? ಮತ್ತೆ ಸುಳ್ಳು ಹೇಗೆ ಬರ್ತದೆ?"

ಆ ಆದಿತ್ಯವಾರ ಸಂಜೆ ನಾಲ್ಕಕ್ಕೆ ಮೈದಾನ ತುಂಬಿತು. ಹೋದ ವರ್ಷ ಕಲ್ಲು ಎಸೆದವರೇ ಟಿಕೇಟು ಕೊಂಡು ಬಂದಿದ್ದರು. ಹಗ್ಗದ ಪಕ್ಕ ನನಗೊಂದು ಸ್ಟೂಲು, ಚೀಟಿ ಹಾಕಲು ಒಂದು ಬಿಸ್ಕತ್ತಿನ ಡಬ್ಬಿ. ಧಣಿಗಳ ಜವಾನ ದೂಮಪ್ಪ ಮಾಯಿಲಪ್ಪನ ಮುಂದೆ ಒಂದು ಜೊತೆ ಗ್ಲೌಸನ್ನು ನೆಲಕ್ಕೆ ಬಿಸಾಡಿದ. ಒಂದರ ಹೊಲಿಗೆ ಬಿಚ್ಚಿ ಹತ್ತಿ ಹೊರಬಂದಿತ್ತು.

"ಒಳ್ಳೇದು ಇಲ್ವಾ?" ಎಂದು ಮಾಯಿಲಪ್ಪ ಕೇಳಿದ.

"ಉಂಟು. ನೀನು ಹಾಕಿದ ಮೇಲೆ ಅದನ್ನು ಮುಟ್ಟುದು ಯಾರು, ನಿನ್ನ ಅಪ್ಪನಾ?"

ಕುರ್ಚಿಯ ಸಾಲಿನಲ್ಲಿ ಕೆಲವರು ನಕ್ಕರು. ಮಾಯಿಲಪ್ಪ ಬಗ್ಗಿ ಗ್ಲೌಸ್ ಹೆಕ್ಕಿಕೊಂಡ. ಬಾಯಾರಿದಾಗ ಅವನಿಗೆ ನೀರನ್ನು ಮೇಲಿಂದ ಸುರಿದರು. ಗ್ಲೌಸಿನ ಕೈಯಲ್ಲಿ ಬೊಗಸೆ ಮಾಡಲಾಗದೆ ಅರ್ಧ ನೀರು ಎದೆಗೆ ಚೆಲ್ಲಿತು.

ನಾಲ್ಕು ಸುತ್ತು ನಾನು ಚೀಟಿಯಲ್ಲಿದ್ದಂತೆಯೇ ಓದಿದೆ. ಎರಡು ಮ್ಯಾಕ್ಸಿಮನಿಗೆ, ಎರಡು ಮಾಯಿಲಪ್ಪನಿಗೆ. ಪ್ರತಿ ಸಲ ಜನ "ಹೌದು, ಹೌದು" ಎಂದರು. ನನ್ನ ಸ್ವರ ಮೈದಾನದ ಕೊನೆಯ ತನಕ ಮುಟ್ಟುತ್ತಿತ್ತು. ಇನ್ನು ಒಂದೇ ಸುತ್ತು.

ಅದರ ಗಂಟೆ ಬಾರಿಸುವ ಮೊದಲೇ ದೂಮಪ್ಪ ಬಂದು ಮೂರು ಚೀಟಿ ಡಬ್ಬಿಗೆ ಹಾಕಿದ.

"ಇದೆಂತ ದೂಮಪ್ಪ?"

"ಐದನೇದ್ದು."

"ಐದನೇದ್ದು ಇನ್ನೂ ಆಗ್ಲಿಲ್ಲ ಅಲ್ವ ಮಾರಾಯ?"

"ಆಗ್ತದೆ. ನೀನು ಮುಚ್ಚಳ ಹಾಕು."

ಗಂಟೆ ಬಡಿಯಿತು. ಹಳೆಯ ಚೀಟಿ ಇರಬಹುದು, ದೂಮಪ್ಪನಿಗೆ ಓದಲು ಬರುವುದಿಲ್ಲ, ತಪ್ಪಿ ತಂದಿರಬಹುದು ಎಂದುಕೊಂಡೆ. ಸುತ್ತು ಮುಗಿದ ಮೇಲೆ ಸರಿಯಾದದ್ದು ಬರುತ್ತದೆ ಎಂದೂ ಅಂದುಕೊಂಡೆ. ಅಷ್ಟರಲ್ಲಿ ಮಾಯಿಲಪ್ಪನ ಎಡಗೈ ಮ್ಯಾಕ್ಸಿಮನ ದವಡೆಗೆ ಬಿತ್ತು. ಮ್ಯಾಕ್ಸಿಮ್ ಅಂಗಾತ ಬಿದ್ದ. ಒಂಬತ್ತು ಎಣಿಸುವಾಗ ಹಗ್ಗ ಹಿಡಿದು ಎದ್ದವನು ಗಂಟೆ ಆಗುವ ತನಕ ಮುಖ ಮುಚ್ಚಿಕೊಂಡೇ ನಿಂತಿದ್ದ. ಜನರೆಲ್ಲ ಎದ್ದುಬಿಟ್ಟಿದ್ದರು.

ನಾನು ಕಾದೆ. ಬೇರೆ ಚೀಟಿ ಬರಲಿಲ್ಲ.

ಡಬ್ಬಿಯಿಂದ ಮೂರನ್ನೂ ತೆಗೆದೆ. ಮೂರರಲ್ಲೂ ಮ್ಯಾಕ್ಸಿಮ್.

ಧಣಿಗಳು ಹಗ್ಗದ ಹತ್ತಿರ ಬಂದರು. "ಎಂತ ನೋಡ್ತೀಯ ಚೀಟಿ ಸೆಕ್ರೆಟರಿ? ಓದು."

"ಧಣಿಗಳೆ, ಇದು ಮೊದಲೇ..."

"ಚೀಟಿಯಲ್ಲಿದ್ದುದನ್ನು ಮಾತ್ರ ಓದತಕ್ಕದ್ದು. ತನ್ನದೊಂದು ಮಾತನ್ನೂ ಸೇರಿಸತಕ್ಕದ್ದಲ್ಲ. ಬರ್ದದ್ದು ಯಾರು, ನಾನಾ?"

ಮಾಯಿಲಪ್ಪ ನನ್ನನ್ನೇ ನೋಡಿ ನಗುತ್ತಿದ್ದ. ಹರಿದ ಗ್ಲೌಸಿನ ಕೈ ಆಗಲೇ ಅರ್ಧ ಮೇಲೆದ್ದಿತ್ತು.

ನಾನು ಓದಿದೆ. ಉಚ್ಚಾರ ಎಲ್ಲೂ ತಪ್ಪಲಿಲ್ಲ.

ಯಾರೂ ಕಲ್ಲು ಎಸೆಯಲಿಲ್ಲ. "ಪೂವಪ್ಪನೇ ಓದಿದ ಮೇಲೆ..." ಎಂದು ಒಬ್ಬ ಹೇಳಿದ. ಜನ ಕರಗಿದರು. ಕಿನ್ನಿ ಮಾತ್ರ ಹಗ್ಗದ ಆಚೆ ನಿಂತು, ನನ್ನ ಕೈಯ ಚೀಟಿಗಳನ್ನು ನೋಡುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ.

ಮರುದಿನ ಏಳು ಗಂಟೆಗೆ ಹಾಜರಿ ಕೂಗುವಾಗ ಮಾಯಿಲಪ್ಪನ ಹೆಸರಿಗೆ ಉತ್ತರ ಬರಲಿಲ್ಲ. ಅವನು ಹೊಂಡಕ್ಕೆ ಇಳಿದಿರಲಿಲ್ಲ. ಅಚ್ಚಿನಿಂದ ತೆಗೆದ ಹಸಿ ಹೆಂಚುಗಳನ್ನು ಸಾಲಾಗಿ ಇಟ್ಟಿದ್ದ ಹಲಗೆಗಳ ಮುಂದೆ ನಿಂತಿದ್ದ. ಪ್ರತಿ ಹೆಂಚಿನ ನಡುವೆ ಧಣಿಗಳ ಕಾರ್ಖಾನೆಯ ಮುದ್ರೆ.

ಮೊದಲನೆಯ ಹೆಂಚಿನ ಮುದ್ರೆಯ ಮೇಲೆ ಅವನ ಮುಷ್ಟಿ ಬಿತ್ತು. ಮತ್ತೆ ಎರಡನೆಯದರ ಮೇಲೆ. ಅವಸರ ಇರಲಿಲ್ಲ. ಒಂದೊಂದಕ್ಕೂ ಒಂದೊಂದೇ ಪೆಟ್ಟು.

"ಏಯ್ ಸೂಳೆಮಗನೆ!" ಧಣಿಗಳು ಜಗಲಿಯಿಂದ ಓಡಿಬಂದರು. ಹಿಂದೆಯೇ ದವಡೆ ಊದಿದ ಮ್ಯಾಕ್ಸಿಮ್ ಬಂದವನು ಹತ್ತು ಹೆಜ್ಜೆ ದೂರವೇ ನಿಂತ. "ಪೂವಪ್ಪ, ಅವನ ಹೆಸರು ಹೊಡ್ದು ಹಾಕು! ಇವತ್ತಿಂದ ಗಂಡ ಹೆಂಡ್ತಿ ಇಬ್ರಿಗೂ ಕೆಲ್ಸ ಇಲ್ಲ!"

ಕಿನ್ನಿ ತಲೆಯ ಹಲಗೆಯನ್ನು ಇಳಿಸಿ ಗಂಡನ ಮುಂದೆ ಇಟ್ಟಳು. ಅದರಲ್ಲಿ ಇನ್ನೂ ನಾಲ್ಕು ಹೆಂಚು ಇದ್ದವು.

ನಿನ್ನೆಯ ಮೂರು ಚೀಟಿ ನನ್ನ ಅಂಗಿಯ ಜೇಬಿನಲ್ಲೇ ಇದ್ದವು. ತೆಗೆದೆ. "ಮಾಯಿಲ, ಈ ಚೀಟಿ ಐದನೇ ರೌಂಡಿನ ಮೊದಲೇ ಬಂದಿತ್ತು. ನಾನು ನೋಡಿದ್ದೆ." ಅಂಗಳಕ್ಕೆಲ್ಲ ಕೇಳುವಂತೆ ಹೇಳಿದೆ.

ಅಲ್ಫೋನ್ಸ್ ಸೌದೆಯನ್ನು ಕೆಳಗೆ ಹಾಕಿದ. ಮಾಯಿಲಪ್ಪ ತಿರುಗಿದ. ಅವನ ಬೆರಳುಗಳ ಮೇಲೆ ರಕ್ತವೂ ಮಣ್ಣೂ ಒಂದೇ ಬಣ್ಣವಾಗಿದ್ದವು.

"ನಿನ್ನೆ ಎಂತ ಆಗಿತ್ತು ನಿನ್ನ ಬಾಯಿಗೆ?"

ಅಣ್ಣ ಎನ್ನಲಿಲ್ಲ. ನೀವು ಎನ್ನಲಿಲ್ಲ. ನನ್ನ ಕೈಯ ಪೆನ್ನು ನೋಡಿ, ಕಿನ್ನಿ ಇಟ್ಟ ಹಲಗೆಯ ಕಡೆಗೆ ಮುಷ್ಟಿ ಎತ್ತಿದ.

"ಬರೀ. ಆರನೇ ರೌಂಡು. ಇದನ್ನಾದ್ರೂ ಕಣ್ಣಲ್ಲಿ ಕಂಡು ಬರೀ."